ಏಡಿಯ ಬಾಣಂತನಕ್ಕೆ ಸರಕಾರವೇ ಸೂಲಗಿತ್ತಿ

ಬಾಗಲಕೋಟೆಯ ಹಿನ್ನೀರಿನಲ್ಲಿ ಮೀನು, ಏಡಿಗಳು ಮರಿ ಮಾಡುವ ಕಾಲ ಬಂತೆಂದರೆ ಸರಕಾರಕ್ಕೆ ಎಲ್ಲಿಲ್ಲದ ತಾಯ್ತನ ಉಕ್ಕುತ್ತದೆ. ಬಲೆ ಬೀಸಬೇಡಿ, ನೀರಿನಲ್ಲಿ ಬಸುರಿಯರಿದ್ದಾರೆ! ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ; ಅಲ್ಲಿ ಹುಟ್ಟು ಹಾಕುವ ನಾಡದೋಣಿಗೆ ವಿನಾಯಿತಿಯಾದರೂ ಇದೆ. ನಮ್ಮ ಕಡೆ ಹರಿಗೋಲಿಗಿಂತ ದೊಡ್ಡ ಹಡಗು ಸಿಗದ ಕಾರಣ ಹರಿಗೋಲನ್ನೇ ಹಡಗೆಂದು ಹಿಡಿಯುತ್ತಾರೆ.

ನಾನು ಬಲ್ಲ ಅಂಬಿಗರ ಕಾಕಾ ಒಬ್ಬರಿದ್ದಾರೆ. ಅವರ ಅಪ್ಪನ ಎರೆ ಹೊಲ ಆಲಮಟ್ಟಿಯ ನೀರಿನಡಿ ಮಲಗಿದೆ. 1964ರಲ್ಲಿ ಅಡಿಗಲ್ಲು ಕಂಡ ಅಣೆಕಟ್ಟು ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಬದು ತಲೆ ಎತ್ತಿದರೆ ಬಿತ್ತುವಂತಿಲ್ಲ, ಅದು ಸ್ವಾಧೀನವಾದ ಜಮೀನು. ನೀರು ಏರಿದರೆ ಅದೇ ಹೊಲದ ಮೇಲೆ ಬಲೆ ಬೀಸಲು ಪರವಾನಗಿ ಬೇಕು. ಪರವಾನಗಿ ಕೈಗೆ ಬರುವ ಹೊತ್ತಿಗೆ ಮೀನಿಗೆ ಹೆರಿಗೆ ನೋವು.

"ಬಲೆ ಬೀಸಬಾರದೆಂಬುದು ಏಡಿಗೂ ಅನ್ವಯಿಸುತ್ತದೆಯೇ, ಸಾಹೇಬರೇ?" ಎಂದು ಕಾಕಾ ಕೇಳಿದ್ದರಂತೆ. ಸಾಹೇಬರು ಕಡತ ತಿರುವಿ, "ನೀರಿನಲ್ಲಿರುವುದಕ್ಕೆಲ್ಲ" ಎಂದರಂತೆ. ಹೊಲವೂ ನೀರಿನಲ್ಲಿಯೇ ಇದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಕಾಕಾ ಏಡಿ ಹಿಡಿಯುವುದನ್ನು ನೀವು ನೋಡಬೇಕು. ಬೆನ್ನಿನ ಕಡೆಯಿಂದ ಹಿಡಿದು ಮಗುಚುತ್ತಾರೆ. ಹೊಟ್ಟೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸುತ್ತಾರೆ. ಒಳಗೆ ಸಾಸಿವೆಯಷ್ಟೇ ಮರಿಗಳು ಗಿಜಿಗುಡುತ್ತಿದ್ದರೆ "ಹೋಗು ತಾಯಿ" ಎಂದು ನೀರಿಗೆ ಬಿಟ್ಟುಬಿಡುತ್ತಾರೆ. ಇದಕ್ಕೆ ಅವರ ಮನೆತನಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ರೋಹು, ಕಾಟ್ಲಾಗಳು ಮಳೆಗಾಲದ ಹೊಸ ನೀರಿಗೆ ಎದುರೀಜಿ ಮೊಟ್ಟೆ ಇಡಲು ಹೊರಡುತ್ತವೆ. ದಾರಿಗೆ ಅಡ್ಡ ನಿಂತಿರುವುದು ಕಾಕಾನ ಬಲೆಯೋ, ಕಾಂಕ್ರೀಟಿನ ಗೋಡೆಯೋ ಎಂಬ ಕಲಮು ಅರ್ಜಿಯಲ್ಲಿಲ್ಲ. ಹೊಳೆಗೆ ಕಪ್ಪು ನೀರು ಹರಿದು ಮೀನುಗಳು ಹೊಟ್ಟೆ ಮೇಲಾಗಿ ತೇಲಿದಾಗಲೂ ಸೂಲಗಿತ್ತಿ ಊರಲ್ಲಿರುವುದಿಲ್ಲ. ಕಪ್ಪು ನೀರನ್ನು ತಡೆದು ನಿಲ್ಲಿಸಿ ಬಲೆಯ ಕಣ್ಣು ಅಳೆಯುವುದು ಹೇಗೆ, ಪಾಪ!

ಹಾಗೆಂದು ಸರಕಾರಕ್ಕೆ ಅಂಬಿಗರ ಮೇಲೆ ಭಕ್ತಿ ಇಲ್ಲವೆನ್ನಲಾಗದು. ಪ್ರತಿ ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿ ನಡೆಯುತ್ತದೆ. ಹುಟ್ಟು ಹಿಡಿದ ಚಿತ್ರಕ್ಕೆ ಹಾರ, ಸಭೆಗೆ ಉಪ್ಪಿಟ್ಟು. ಕಾಕಾ ಕಳೆದ ಸಲ ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

ಈಗ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಯೋಜನೆಯಿದೆ. 2010ರಲ್ಲಿ ಕೃಷ್ಣಾ ನದಿ ನೀರು ಹಂಚುವ ನ್ಯಾಯಮಂಡಳಿಯ ತೀರ್ಪೂ ಬಂದಾಗಿದೆ. "ನೀರು ಹರಡಿದರೆ ನಿಮಗೇ ಲಾಭ, ಬಲೆ ಬೀಸಲು ಜಾಗ ಹೆಚ್ಚುತ್ತದೆ" ಎಂದು ಯಾರೋ ಸಮಾಧಾನ ಹೇಳಿದರಂತೆ. ಕಾಕಾ ಮರುದಿನವೇ ಕಚೇರಿಯ ಬಾಗಿಲಲ್ಲಿದ್ದರು.

"ಸಾಹೇಬರೇ, ನಮ್ಮ ಈಗಿನ ಮನೆಯ ಮೇಲೆ ಬಲೆ ಬೀಸಲು ಅರ್ಜಿಯನ್ನು ಈಗಲೇ ಕೊಡಬೇಕೋ, ಮುಳುಗಿದ ಮೇಲೋ?"