ದಿನಕ್ಕೆ ಎರಡು ಟೀ ಕಾಸು

ಹೊಸ ಪಿಕಪ್ ಗಾಡಿಗೆ ಸೇವಂತಿಗೆ ಹಾರ ಬಿದ್ದಿತ್ತು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಅಮ್ಮ ಬಿಸಿಲಲ್ಲಿ ಕಾಯುತ್ತಿದ್ದಳು. ಕೀ ಕೊಡುವ ಬದಲು ಷೋರೂಮಿನ ಹುಡುಗ ನನ್ನನ್ನು ಎಸಿ ರೂಮಿಗೆ ಕರೆದುಕೊಂಡು ಹೋಗಿ ಬಾದಾಮಿ ಹಾಲು ಕೊಟ್ಟ. ಅಷ್ಟು ಹೊತ್ತು ನೀರೂ ಕೇಳದವರು ಬಾದಾಮಿ ಹಾಲು ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

"ಸರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಲಾ?" ಅಂದ. ಊಟದ ಪಂಕ್ತಿಯಲ್ಲಿ ಇನ್ನೊಂದು ಸೌಟು ಸಾರು ಹಾಕ್ಲಾ ಅನ್ನೋ ಹಾಗೆ.

ಕಂಪನಿ ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅದು ಮುಗಿದ ಮೇಲೆ ಇನ್ನೆರಡು ವರ್ಷಕ್ಕೆ, 18% ಜಿಎಸ್‌ಟಿ ಸೇರಿ, 18,250 ರೂಪಾಯಿ. "ದಿನಕ್ಕೆ ಲೆಕ್ಕ ಹಾಕಿ ಸರ್, 25 ರೂಪಾಯಿ. ಎರಡು ಟೀ ಕಾಸು. ಇವತ್ತೇ ಹಾಕಿಸಿದ್ರೆ ಈ ರೇಟು. ಆಮೇಲೆ ಜಾಸ್ತಿ ಆಗುತ್ತೆ."

ನಾವು ತಿಪಟೂರು ಸೀಮೆಯವರು. ತೆಂಗಿನಕಾಯಿ ಕೆಡವಿ, ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕು ಗಲಗಲ ಅನ್ನೋವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವ ಜನ. ಆಮೇಲೂ ರೇಟು ಸರಿಯಿಲ್ಲ ಅಂತ ಇನ್ನೆರಡು ತಿಂಗಳು ಕಾಯುತ್ತೇವೆ. ಅಂಥವನಿಗೆ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡು ಅಂದರೆ ಹೇಗೆ? ಹೆಂಡತಿಗೆ ಫೋನ್ ಮಾಡಿದೆ.

"ಆ ಎರಡು ಟೀ ಯಾವಾಗಿಂದ ಕೊಡ್ತಾರಂತೆ?" ಅಂದಳು.

"ಮೂರು ವರ್ಷ ಆದ ಮೇಲೆ."

"ದುಡ್ಡು?"

"ಈಗ."

ಅವಳು ಮುಂದೆ ಮಾತಾಡಲಿಲ್ಲ. ಆದರೆ ಫೋನೂ ಇಡಲಿಲ್ಲ. ಅವಳ ಮೌನಕ್ಕೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ.

ನಾನು ಲೆಕ್ಕ ಹಾಕಿದೆ. ನಮ್ಮೂರಿಂದ ತಿಪಟೂರು ಮಾರ್ಕೆಟ್ಟಿಗೆ ಹೋಗಿ ಬಂದರೆ 44 ಕಿಲೋಮೀಟರ್. ವಾರಕ್ಕೆ ಎರಡು ಹರಾಜು. ಎರಡಕ್ಕೂ ತಪ್ಪದೆ ಹೋದರೂ ವರ್ಷಕ್ಕೆ 4,576. ಗೊಬ್ಬರ, ಮೇವು, ನೆಂಟರ ಮನೆ ಸಾಮಾನು ಸಾಗಿಸೋದು ಎಲ್ಲಾ ಸೇರಿ ಒಂಬತ್ತು ಸಾವಿರ ಅನ್ನಿ. ಒಂದು ಲಕ್ಷ ಮುಟ್ಟೋಕೆ ಹನ್ನೊಂದು ವರ್ಷ ಬೇಕು. ಅಂದರೆ ಗಾಡಿ ಇನ್ನೂ ಮದುಮಗಳ ಹಾಗಿರುವಾಗಲೇ ವಾರಂಟಿ ಮುಗಿದಿರುತ್ತೆ. ಹಾಗಾದರೆ ಹಾಕಿಸೋದೇ ಒಳ್ಳೆಯದು ಅನ್ನಿಸಿತು. ಸಹಿ ಹಾಕೋಕೆ ಪೆನ್ನೂ ತಗೊಂಡೆ. ಸುಮ್ನೆ ಹಾಕಿಬಿಡಬೇಕಿತ್ತು. ಓದೋಕೆ ಹೋದೆ.

ಓದುತ್ತಾ ಓದುತ್ತಾ ಅದು ಗಾಡಿಯ ಕಾಗದವೇ ಅಲ್ಲ ಅನ್ನಿಸಿತು. ನಮ್ಮ ಮನೆಯವರನ್ನು ಚೆನ್ನಾಗಿ ಬಲ್ಲವರು ಯಾರೋ ಕೂತು ಬರೆದ ಚಾಡಿ. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಟೈರ್, ಬಲ್ಬು, ವೈಪರ್ ಎಲ್ಲಾ ಸವೆಯುವ ಸಾಮಾನು, ಅದಕ್ಕೆಲ್ಲ ವಾರಂಟಿ ಇಲ್ಲ. ಆಯ್ತು, ನ್ಯಾಯ. ಓವರ್‌ಲೋಡ್ ಹಾಕಿದರೆ ಇಲ್ಲ. 1.3 ಟನ್ನಿನ ಗಾಡಿಗೆ ಎರಡು ಟನ್ ಹಾಕದಿದ್ದರೆ ನಮ್ಮ ಭಾವನಿಗೆ ಗಾಡಿ ಖಾಲಿ ಹೋದ ಹಾಗೆ ಅನ್ನಿಸುತ್ತೆ. ಸರ್ವಿಸ್ ಒಂದು ಸಲ ತಪ್ಪಿದರೂ ಇಲ್ಲ. ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ಇಲ್ಲ. ನಮ್ಮೂರ ಗ್ಯಾರೇಜಿನ ಅಣ್ಣ ಹೊಸ ಗಾಡಿ ಕಂಡರೆ ಏನಾಗಿದೆ ಅಂತ ಕೇಳೋ ಮೊದಲೇ ಸ್ಪ್ಯಾನರ್ ಹಿಡಿದು ಕೆಳಗೆ ಮಲಗಿರುತ್ತಾನೆ. ವೈರಿಂಗ್ ಕತ್ತರಿಸಿ ಬೇರೇನಾದರೂ ಜೋಡಿಸಿದರೆ ಇಲ್ಲ. ಇದನ್ನು ಓದುವಾಗ ಅಕ್ಕನ ಮಗ ಹೊರಗೆ ನಿಂತಿದ್ದ. ಅವನ ಕೈಚೀಲದಲ್ಲಿ ಮ್ಯೂಸಿಕ್ ಹಾರನ್ನೂ ನೀಲಿ ಲೈಟಿನ ಸರವೂ ಇದ್ದವು.

ಕೊನೆಗೆ ಸಣ್ಣ ಅಕ್ಷರದಲ್ಲಿ ಇಲಿ, ಹೆಗ್ಗಣ ಕಡಿದರೆ ಇಲ್ಲ ಅಂತಿತ್ತು. ಪೆನ್ನು ಮುಚ್ಚಿದೆ.

"ನೋಡಿ ಹೇಳ್ತೀನಿ" ಅಂದೆ. ಹುಡುಗ ಖಾಲಿ ಲೋಟ ನೋಡಿದ. ಬಾದಾಮಿ ಹಾಲು ದಂಡವಾಯಿತು ಅಂದುಕೊಂಡಿರಬೇಕು, ಪಾಪ.

ನಾಲ್ಕು ತಿಂಗಳು ಆರಾಮಾಗಿ ಕಳೆಯಿತು. ಆಮೇಲೆ ಒಂದು ಹರಾಜಿನ ದಿನ ಬೆಳಗ್ಗೆ, ಮೂಟೆ ತುಂಬಿಸಿ ಕೀ ತಿರುಗಿಸಿದರೆ ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ಮ್ಯೂಸಿಕ್ ಹಾರನ್ ಮಾತ್ರ ಬಜಾಯಿಸುತ್ತಿತ್ತು. ಮೂಟೆ ಇನ್ನೊಬ್ಬರ ಗಾಡಿಗೆ ಹಾಕಿ, ನಮ್ಮದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಸರ್ವಿಸ್ ಸ್ಟೇಷನ್ನಿಗೆ ಹೋದೆವು. ಬಾನೆಟ್ ಎತ್ತಿದರೆ ಒಳಗೆ ಒಂದು ಸಂಸಾರ. ತೆಂಗಿನ ನಾರಿನ ಹಾಸಿಗೆ, ಪಕ್ಕದಲ್ಲಿ ಅರ್ಧ ತಿಂದ ಕೊಬ್ಬರಿ. ಅದೂ ಒಳ್ಳೇ ಮಾಲು, ಸೈಜು ನೋಡಿ ಆರಿಸಿಕೊಂಡಿದ್ದವು. ಗಾಡಿ ನಿಲ್ಲಿಸೋದು ಅಟ್ಟದ ಕೆಳಗೇ ಅಲ್ವಾ? ಊಟ ಮೇಲೆ, ಮನೆ ಕೆಳಗೆ. ಬಾಯಾಡಿಸೋಕೆ ವೈರು.

"ಇದು ವಾರಂಟಿಗೆ ಬರಲ್ಲ ಸರ್" ಅಂದ ಮೆಕ್ಯಾನಿಕ್, ಬೇಜಾರಿನ ಮುಖ ಮಾಡಿಕೊಂಡು.

"ಎಕ್ಸ್‌ಟೆಂಡೆಡ್ ಇದ್ದಿದ್ರೆ?"

"ಅದಕ್ಕೂ ಬರ್ತಿರ್ಲಿಲ್ಲ."

ನನಗೆ ಆದ ಖುಷಿ ಹೇಳತೀರದು. ವೈರಿಂಗು, ಕೂಲಿ ಸೇರಿ 4,600 ರೂಪಾಯಿ ಬಿಲ್ಲನ್ನು ಲಾಟರಿ ಹೊಡೆದವನ ಹಾಗೆ ಕಟ್ಟಿದೆ. 18,250 ಉಳಿಸಿದೆ ಅಂತ ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಉಳಿಸಿದ ದುಡ್ಡು ಎಲ್ಲಿದೆ ಅಂತ ಅವಳು ಕೇಳಿದಳು. ಸಿಗ್ನಲ್ ಸರಿ ಇರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ತನ್ನ ಎಲೆಯಡಿಕೆ ಚೀಲದಿಂದ ಒಂದು ಹಿಡಿ ಹೊಗೆಸೊಪ್ಪು ತೆಗೆದು, ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿ, ಎಂಜಿನ್ ಪಕ್ಕ ತೂಗುಹಾಕಿಸಿದಳು. ಆ ಘಾಟಿಗೆ ಇಲಿ ಬರಲ್ಲ ಅಂದಳು. ನಿಜಕ್ಕೂ ಇವತ್ತಿನವರೆಗೆ ಬಂದಿಲ್ಲ. ಎರಡು ಟೀಗಿಂತ ಕಮ್ಮಿ ಖರ್ಚು.

ಒಂದೇ ತೊಂದರೆ. ಚೀಲದಲ್ಲಿ ಹೊಗೆಸೊಪ್ಪು ಖಾಲಿಯಾದಾಗೆಲ್ಲ ಅಮ್ಮ ಊಟ ಮುಗಿಸಿ ಬಂದು, "ಲೇ, ಆ ಬಾನೆಟ್ ಒಂಚೂರು ಎತ್ತೋ" ಅನ್ನುತ್ತಾಳೆ. ಗಂಟು ವಾರದಿಂದ ವಾರಕ್ಕೆ ಸಣ್ಣದಾಗುತ್ತಿದೆ.