ಸ್ಟೆಂಟ್ ಹಾಕಿದ ಮೇಲೂ ಉಳಿಯುವ ಎದೆನೋವು ಮತ್ತು ಭಯ

ಆಂಜಿಯೋಪ್ಲಾಸ್ಟಿ, ಅಂದರೆ ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಹಿಗ್ಗಿಸಿ ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಕೂರಿಸುವ ಚಿಕಿತ್ಸೆ, ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಬರುವ ಬಂಧುಮಿತ್ರರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. "ಸ್ಟೆಂಟ್ ಹಾಕಿದ್ದಾರಲ್ಲ, ಇನ್ನೇನು ಭಯ?" ಎಂಬುದು ಒಂದು. "ಧೈರ್ಯವಾಗಿರಬೇಕು ಸಾರ್, ಅರ್ಧ ಕಾಯಿಲೆ ಮನಸ್ಸಿನದೇ" ಎಂಬುದು ಇನ್ನೊಂದು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತುಗಳು, ನಿಜ. ಆದರೆ ಹೃದಯಾಘಾತದಿಂದ ಪಾರಾಗಿ ಬಂದ ನನ್ನಂಥವರಿಗೆ ಧೈರ್ಯಕ್ಕಿಂತ ಮೊದಲು ಬೇಕಾಗುವುದು ಒಂದು ಕ್ರಮ. ಎದೆಯಲ್ಲಿ ಮತ್ತೆ ಏನೋ ಆದಂತೆನಿಸಿದಾಗ ಮೊದಲು ಏನು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ನೋವಿಲ್ಲದ ಹೊತ್ತಿನಲ್ಲಿಯೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳದ ಹೊರತು ಈ ಭಯ ಹಿಡಿತಕ್ಕೆ ಬರುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹೊರಗಿನವರಿಗೆ ಕಾಣದ ಬದುಕೊಂದು ಆಸ್ಪತ್ರೆಯಿಂದ ಬಂದ ಮೇಲೆ ಶುರುವಾಗುತ್ತದೆ. ಅಂಗಿಯ ಜೇಬಿನಲ್ಲಿ, ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆಯ ಪಟ್ಟಿ ಚಿಲ್ಲರೆ ಕಾಸಿನೊಂದಿಗೆ ಉಜ್ಜಿ ಉಜ್ಜಿ ಸವೆದಿರುತ್ತದೆ. ಒಳಗೆ ಬಿದ್ದರೆ ಯಾರು ಬಾಗಿಲು ಒಡೆಯಬೇಕು ಎಂದು ಬಚ್ಚಲುಮನೆಯ ಚಿಲಕ ಹಾಕದೆ ಸ್ನಾನ ಮಾಡುತ್ತೇವೆ. ರಾತ್ರಿ ಎಡಮಗ್ಗುಲಿಗೆ ತಿರುಗಿದಾಗ ಕಿವಿಗೆ ಕೇಳುವ ಡವಡವ ಶಬ್ದ ಇಷ್ಟು ವರ್ಷ ಎಲ್ಲಿತ್ತೋ! ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುವುದು, ಸಂಖ್ಯೆ ಸರಿಯಿದ್ದರೂ ಯಂತ್ರದ ಮೇಲೆ ಅನುಮಾನ ಬಂದು ಮತ್ತೆ ನೋಡುವುದು, ಇದಕ್ಕೆ ಕೊನೆಯೇ ಇರುವುದಿಲ್ಲ.

ಇಷ್ಟಕ್ಕೂ ನೋವು ಬರಿಯ ಭ್ರಮೆಯಲ್ಲ. ಹಿಗ್ಗಿಸಿದ ರಕ್ತನಾಳವೇ ಕೆಲವು ದಿನ ನೋಯಬಹುದು. ಪಕ್ಕೆಲುಬುಗಳ ನಡುವಿನ ಸ್ನಾಯು ಹಿಡಿದುಕೊಂಡಿರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಕೋಸ್ಪ್ರಿನ್‌ನಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರಳಿಸಿ ಎದೆಯುರಿ ತರುವುದುಂಟು. ಟಿಕಾಗ್ರೆಲಾರ್ ಎಂಬ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 13–14 ಮಂದಿಗೆ ಉಸಿರು ಸಿಕ್ಕಿಕೊಂಡಂತಾಗುತ್ತದೆ ಎಂದು ದೊಡ್ಡ ಔಷಧ ಅಧ್ಯಯನವೊಂದರಲ್ಲೇ ಕಂಡುಬಂದಿದೆ. ಇದನ್ನು ಮೊದಲೇ ತಿಳಿಸಿದ್ದರೆ ಎಷ್ಟೋ ಜನ ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ಹಾಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಪ್ರಾಣಕ್ಕೇ ಅಪಾಯ, ಏಕೆಂದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತಿರುವುದು ಅದೇ. ಇವೆಲ್ಲದರ ಜೊತೆಗೆ, ಸ್ಟೆಂಟ್ ಮತ್ತೆ ಕಿರಿದಾಗಿಯೋ ಬೇರೊಂದು ನಾಳ ಕಟ್ಟಿಕೊಂಡೋ ನಿಜವಾದ ಹೃದಯದ ನೋವೇ ಮರಳಿ ಬರುವ ಸಾಧ್ಯತೆಯೂ ಇದ್ದೇ ಇದೆ. "ಗ್ಯಾಸ್ ಇರಬೇಕು ಬಿಡಿ" ಎಂಬ ಮಾತು ನಮಗೆ ಸಮಾಧಾನ ತರದಿರುವುದು ಇದೇ ಕಾರಣಕ್ಕೆ. ಮೊದಲ ಸಲವೂ ಹಲವರು ಅದನ್ನು ಗ್ಯಾಸ್ ಎಂದೇ ಅಂದುಕೊಂಡಿದ್ದರಲ್ಲ!

ಭಯವೂ ದೇಹದಲ್ಲಿಯೇ ಕೆಲಸ ಮಾಡುತ್ತದೆ. ಸಣ್ಣದೊಂದು ಚುಚ್ಚು ಕಾಣಿಸಿಕೊಂಡ ಕೂಡಲೇ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ, ಎದೆಯ ಸ್ನಾಯುಗಳು ಬಿಗಿಯುತ್ತವೆ, ಬೆರಳ ತುದಿ ಜುಮುಗುಡುತ್ತದೆ. ಆ ಬಿಗಿತವೇ ಹೊಸ ನೋವಾಗಿ ಭಯವನ್ನು ಇಮ್ಮಡಿಸುತ್ತದೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರು ಖಿನ್ನತೆಗೆ ಒಳಗಾಗುತ್ತಾರೆ, ಆತಂಕ ಕಾಡುವವರೂ ಬಹಳ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೃದ್ರೋಗಿಗಳ ಖಿನ್ನತೆಯನ್ನು ತಪಾಸಣೆ ಮಾಡಬೇಕೆಂದು 2008ರಲ್ಲಿಯೇ ಸಲಹೆ ನೀಡಿತ್ತು. ನಮ್ಮಲ್ಲಿ ಮರುಭೇಟಿಗೆ ಹೋದಾಗ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಕೇಳುತ್ತಾರೆಯೇ ಹೊರತು "ನಿದ್ದೆ ಬರುತ್ತಿದೆಯೇ?" ಎಂದು ಕೇಳುವವರು ಅಪರೂಪ. ಹೊರಗೆ ನೂರು ಜನ ಕಾದಿರುವಾಗ ವೈದ್ಯರನ್ನೂ ದೂರುವಂತಿಲ್ಲ.

ಇದರ ಮೇಲೆ ಸುದ್ದಿವಾಹಿನಿಗಳ ಅಬ್ಬರ ಬೇರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗಲೂ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಆರೋಗ್ಯವಂತರೇ ಅಷ್ಟು ಬೆದರಿದ್ದರೆ, ಒಮ್ಮೆ ಆಘಾತ ಅನುಭವಿಸಿದವರು ಆ ರಾತ್ರಿಗಳನ್ನು ಹೇಗೆ ಕಳೆದಿರಬಹುದು ಎಂದು ಯೋಚಿಸಿ. ಮನೆಯಲ್ಲಿ ಹೃದ್ರೋಗಿ ಇದ್ದರೆ ಅಂಥ ವಿಡಿಯೋಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕದಿರುವುದೇ ದೊಡ್ಡ ಉಪಕಾರ.

ನಮ್ಮ ಮನೆಯ ಬೀರುವಿನ ಬಾಗಿಲಿಗೆ ನನ್ನ ಹೆಂಡತಿಯ ಕೈಬರಹದ ಒಂದು ಚೀಟಿ ಅಂಟಿಸಿದೆ. ಅದರಲ್ಲಿರುವುದು ಇಷ್ಟು: ಎದೆನೋವು ಬಂದರೆ ಮಾಡುತ್ತಿರುವ ಕೆಲಸ ನಿಲ್ಲಿಸಿ ಕುಳಿತುಕೊಳ್ಳಬೇಕು. ನಿಂತುಕೊಂಡು ಸಾರ್ಬಿಟ್ರೇಟ್ ಇಟ್ಟುಕೊಂಡರೆ ಬಿಪಿ ಇಳಿದು ತಲೆ ಸುತ್ತಬಹುದು. ಮಾತ್ರೆಯನ್ನು ನಾಲಿಗೆಯಡಿ ಇಟ್ಟು ಗಡಿಯಾರ ನೋಡಬೇಕು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ ಅಥವಾ ಹೆಚ್ಚಾದರೆ 108ಕ್ಕೆ ಕರೆ. ಬೆವರು, ದವಡೆಗೋ ತೋಳಿಗೋ ಹರಡುವ ನೋವು, ಎದೆಯ ಮೇಲೆ ಭಾರ ಹೇರಿದಂಥ ಒತ್ತಡ ಇದ್ದರೆ ಕಾಯುವುದೇ ಬೇಡ. ಕೆಳಗೆ ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ. ಇದು ನಮ್ಮ ವೈದ್ಯರು ನನಗಾಗಿ ಒಪ್ಪಿದ ಕ್ರಮ, ನಿಮ್ಮ ವೈದ್ಯರು ನಿಮಗೆ ಬೇರೆ ಹೇಳಬಹುದು. ಬೆರಳಿಟ್ಟು ತೋರಿಸಬಹುದಾದ, ಒತ್ತಿದರೆ ಹೆಚ್ಚಾಗುವ ನೋವು ಹೃದಯದ್ದಾಗಿರುವ ಸಂಭವ ಕಡಿಮೆ ಎನ್ನುತ್ತಾರೆ, ಆದರೆ ಮಧುಮೇಹಿಗಳಲ್ಲಿ ಮತ್ತು ಹೆಂಗಸರಲ್ಲಿ ಲಕ್ಷಣಗಳು ಪುಸ್ತಕದಂತೆ ಇರುವುದಿಲ್ಲ. ಆದ್ದರಿಂದ ಅದು ಯಾವ ನೋವು ಎಂದು ನಡುರಾತ್ರಿಯಲ್ಲಿ ಪಂಚಾಯಿತಿ ನಡೆಸುವ ಕೆಲಸವನ್ನು ನಾವು ಬಿಟ್ಟೇಬಿಟ್ಟಿದ್ದೇವೆ. ಚೀಟಿ ಹೇಳಿದಂತೆ ನಡೆಯುತ್ತೇವೆ, ಇಸಿಜಿ ಸರಿಯಿದೆ ಎಂದು ವಾಪಸು ಕಳಿಸಿದರೆ ನಾಚಿಕೆಪಡದೆ ಮನೆಗೆ ಬರುತ್ತೇವೆ.

ಆಸ್ಪತ್ರೆಗಳು ಮಾಡಬೇಕಾದದ್ದೂ ಇದೆ. ಮೇಲ್ವಿಚಾರಣೆಯಲ್ಲಿ ನಡಿಗೆ, ವ್ಯಾಯಾಮ, ಆಪ್ತಸಲಹೆ ಒಳಗೊಂಡ ಹೃದಯ ಪುನಶ್ಚೇತನ ಕಾರ್ಯಕ್ರಮ ಇನ್ನೂ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿದೆ. ಭಾರತದ 24 ಕೇಂದ್ರಗಳಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, ಯೋಗಾಧಾರಿತ ಪುನಶ್ಚೇತನ ಪಡೆದವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಳೆಯ ಚಟುವಟಿಕೆಗಳಿಗೆ ಹೆಚ್ಚಾಗಿ ಮರಳಿದರು. ಸಾವು ಅಥವಾ ಮರು ಆಘಾತ ಕಡಿಮೆಯಾಯಿತೆಂದು ಮಾತ್ರ ಖಚಿತವಾಗಿ ತೋರಲಿಲ್ಲ. ಯೋಗದಿಂದ ಬ್ಲಾಕ್ ಕರಗುತ್ತದೆ ಎನ್ನುವವರು ಈ ಎರಡನೆಯ ಭಾಗವನ್ನೂ ಓದಬೇಕು. ನನ್ನ ಮಟ್ಟಿಗೆ ಮೊದಲ ಭಾಗವೇ ಸಾಕಷ್ಟು ದೊಡ್ಡದು.

ಮುಂದಿನ ಮರುಭೇಟಿಗೆ ಹೋಗುವವರು ಕೇಳಬೇಕಾದದ್ದನ್ನು ಬರೆದುಕೊಂಡು ಹೋಗಿ. ಎಷ್ಟು ದೂರ ನಡೆಯಬಹುದು, ಭಾರ ಎತ್ತಬಹುದೇ, ದಾಂಪತ್ಯ ಎಂದಿನಂತೆ ನಡೆಸಬಹುದೇ ಎಂಬುದನ್ನೆಲ್ಲ ಸಂಕೋಚವಿಲ್ಲದೆ ಕೇಳಿ. ಎದೆನೋವಿಲ್ಲದೆ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲವರಿಗೆ ಕೊನೆಯದಕ್ಕೆ ವೈದ್ಯರು ಸಾಮಾನ್ಯವಾಗಿ ಅಡ್ಡಿ ಹೇಳುವುದಿಲ್ಲ. ನಿದ್ದೆಯಿಲ್ಲದೆ ವಾರಗಟ್ಟಲೆ ಒದ್ದಾಡುತ್ತಿದ್ದರೆ ಅದನ್ನೂ ಹೇಳಿ, ಮನೋವೈದ್ಯರ ಬಳಿ ಕಳಿಸಿದರೆ ಹೋಗಿ. ಅಲ್ಲಿಯವರೆಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.