ಉಡದಾರಕ್ಕೆ ಕಟ್ಟಿದ ಸಹಿ

ನಿನ್ನೆ 20ನೇ ತಾರೀಖು. ವ್ಯಾಪಾರ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ತಿಂಗಳ ಜಿಎಸ್‌ಟಿ ರಿಟರ್ನ್ ಹಾಕಲು ಕಡೆಯ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೆಕ್ಕ ಸರಿಯಾಗಿತ್ತು, ತೆರಿಗೆ ಕಟ್ಟಿಯಾಗಿತ್ತು, ಕರೆಂಟೂ ಇತ್ತು. ಇಲ್ಲದ್ದು ಒಂದೇ, ಸಹಿ. ಸಹಿ ಲಿಂಗಸುಗೂರಿಗೆ ಮದುವೆಗೆ ಹೋಗಿತ್ತು.

ಸಿಂಧನೂರಿನಲ್ಲಿ ನಮ್ಮದೊಂದು ರೈಸ್ ಮಿಲ್ಲು. ಮೊದಲು ಅಜ್ಜನ ಹೆಸರಲ್ಲಿತ್ತು, ಆಮೇಲೆ ಪಾಲುದಾರಿಕೆ ಆಯಿತು, ಕಡೆಗೆ ಆಡಿಟರ್ ಮಾತು ಕೇಳಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡೆವು. ಬೋರ್ಡಿನ ಮೇಲೆ ಹೆಸರು ಉದ್ದವಾಗುತ್ತದೆ, ಅಷ್ಟೇ ಅಂದುಕೊಂಡಿದ್ದೆವು. ಆದರೆ ಕಂಪನಿ ಅಂದ ಮೇಲೆ ಮೊಬೈಲಿಗೆ ಬಂದ ಓಟಿಪಿ ಒತ್ತಿ ರಿಟರ್ನ್ ಮುಗಿಸುವ ಸುಖ ಇಲ್ಲ. ಡಿಜಿಟಲ್ ಸಹಿಯೇ ಆಗಬೇಕು. ಅದು ಪೆನ್ ಡ್ರೈವಿನಂಥ ಒಂದು ಟೋಕನ್‌ನಲ್ಲಿ ಕೂತಿರುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿ ಪಿನ್ ಒತ್ತಿದರೆ ಸಹಿ ಬೀಳುತ್ತದೆ. ನಮ್ಮ ಕಂಪನಿಯ ಸಹಿ ಅಂದರೆ ಕಾಕಾರ ಸಹಿ. ಕಾಕಾರ ಟೋಕನ್ ಇರುವುದು ಕಾಕಾರ ಉಡದಾರದಲ್ಲಿ.

ತಪ್ಪು ಅದನ್ನು ಮಾರಿದ ಹುಡುಗನದು. ಎರಡು ವರ್ಷದ ಹಿಂದೆ ಟೋಕನ್ ತಂದುಕೊಟ್ಟವನು ಸುಮ್ನೆ ಕೊಟ್ಟು ಹೋಗಬೇಕಿತ್ತು. "ಯಜಮಾನ್ರ, ಇದರೊಳಗ ನಿಮ್ಮ ಖಾಸಗಿ ಕೀಲಿ ಐತ್ರಿ, ಯಾರ ಕೈಗೂ ಕೊಡಬ್ಯಾಡ್ರಿ" ಅಂದ. ಅವನು ಹೇಳಿದ್ದು ಸಹಿ ಹುಟ್ಟಿಸುವ ಗುಟ್ಟಿನ ಅಂಕಿಗಳ ಬಗ್ಗೆ. ಆದರೆ ಕಾಕಾರ ಲೋಕದಲ್ಲಿ ಕೀಲಿ ಇರುವ ಜಾಗ ಒಂದೇ. ತಿಜೋರಿ ಕೀಲಿ ಅಲ್ಲೇ ಇದೆ, ಗೋದಾಮಿನ ಕೀಲಿ ಅಲ್ಲೇ ಇದೆ. ಅವತ್ತೇ ಟೋಕನ್ನಿನ ತೂತಿಗೆ ದಾರ ಪೋಣಿಸಿ, ಯಾರೂ ಬಿಚ್ಚಲಾಗದ ಬ್ರಹ್ಮಗಂಟು ಹಾಕಿದರು.

ಜಗಳ ಆಡೋಣ ಅಂದರೆ ಕಾನೂನು ಅವರ ಕಡೆಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಸೆಕ್ಷನ್ ಹೇಳುವುದೂ ಇದನ್ನೇ. ಕೀಲಿ ಯಾರದೋ ಅದು ಅವರ ಹಿಡಿತದಲ್ಲೇ ಇರಬೇಕು, ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು. ಊರಿನ ಉಳಿದ ವ್ಯಾಪಾರಿಗಳ ಟೋಕನ್‌ಗಳೆಲ್ಲ ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ, ಪಿನ್ ಬರೆದ ಚೀಟಿ ಸುತ್ತಿಕೊಂಡು, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿರುತ್ತವೆ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟ ಹಾಗೆ ಅದು. ಇಡೀ ತಾಲೂಕಿನಲ್ಲಿ ಆ ಸೆಕ್ಷನ್ ಅನ್ನು ಓದದೆಯೂ ಪಾಲಿಸುತ್ತಿರುವವರು ನಮ್ಮ ಕಾಕಾ ಒಬ್ಬರೇ ಇರಬೇಕು. ಅನುಭವಿಸುವವನು ನಾನು.

ನಿನ್ನೆಯದಕ್ಕೆ ಬರುತ್ತೇನೆ. ಫೋನ್ ಮಾಡಿದೆ. "ರಾತ್ರಿ ಇಲ್ಲೇ ಇರ್ತೀನಿ, ನಾಳೆ ಬೀಗರ ಊಟ ಮುಗಿಸ್ಕೊಂಡು ಬರ್ತೀನಿ" ಅಂದರು. ನಾಳೆಯಿಂದ ದಿನಕ್ಕಿಷ್ಟು ಅಂತ ದಂಡ ಶುರು. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಮೇ ತಿಂಗಳ ಮಧ್ಯಾಹ್ನದಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಬೈಕಿನಲ್ಲಿ ಹೋದವರಿಗೆ ಮಾತ್ರ ನನ್ನ ಮುಖ ಹೇಗಿತ್ತು ಅಂತ ಗೊತ್ತಾಗುತ್ತದೆ.

ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಕಬ್ಬಿನ ಹಾಲು ಕುಡಿಯಲು ನಿಂತಾಗ ಅಶೋಕನ ಶಾಸನ ನೆನಪಾಯಿತು. ಅಲ್ಲಿಯವರೆಗೆ ಸಿಕ್ಕಿದ್ದ ಬಂಡೆಗಳ ಮೇಲೆಲ್ಲ 'ದೇವಾನಂಪಿಯ', 'ಪಿಯದಸಿ' ಅಂತಷ್ಟೇ ಇತ್ತು. ಇದು ಯಾರು ಅಂತ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ 'ಅಶೋಕ' ಅಂತ ಹೆಸರೇ ಇತ್ತು. ಅಂದರೆ ಚಕ್ರವರ್ತಿಗೂ ಹೆಸರು ಹೊಂದಾಣಿಕೆ ಆಗದೆ ಎರಡು ಸಾವಿರ ವರ್ಷದ ಮೇಲೆ ಪೆಂಡಿಂಗ್ ಇತ್ತು. ಕೆವೈಸಿ ಆಗಿದ್ದು ನಮ್ಮ ಜಿಲ್ಲೆಯಲ್ಲಿ.

ಇದು ಸುಮ್ನೆ ನೆನಪಾಗಲಿಲ್ಲ. ಕಾಕಾರ ಡಿಜಿಟಲ್ ಸಹಿಯ ಸರ್ಟಿಫಿಕೇಟಿನ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸದಕ್ಕೆ ಅರ್ಜಿ ಹಾಕಿದರೆ ಆಧಾರ್‌ನಲ್ಲಿ ಅವರ ಹೆಸರಿನ ಕೊನೆಗೆ ಎರಡು 'ಪಿ', ಪ್ಯಾನ್‌ನಲ್ಲಿ ಒಂದೇ 'ಪಿ'. ಆ ಒಂದು 'ಪಿ'ಗಾಗಿ ಎಂಟು ದಿನ ಓಡಾಡಿದ್ದೆ. ಯಾವ ಬಂಡೆಯೂ ಸಿಕ್ಕಿರಲಿಲ್ಲ.

ಮದುವೆ ಮಂಟಪಕ್ಕೆ ಹೋದಾಗ ಕಾಕಾ ಪಂಕ್ತಿಯಲ್ಲಿ ಕೂತಿದ್ದರು. ಎಲೆಯಲ್ಲಿ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ. "ಕಾಕಾ, ಐದು ನಿಮಿಷ ಏಳ್ರಿ" ಅಂದೆ. ಎಲೆ ಬಿಟ್ಟು ನಡುವೆ ಏಳುವ ಮನುಷ್ಯ ಅವರಲ್ಲ. "ಇಲ್ಲೇ ತಗೋ" ಅಂದು ಎಡಗೈಯಿಂದ ಶರ್ಟ್ ಸ್ವಲ್ಪ ಎತ್ತಿದರು. ಟೋಕನ್ ನೇತಾಡುತ್ತಿತ್ತು, ಎರಡು ಕೀಲಿಗಳ ನಡುವೆ, ಬೆವರಿಗೆ ಕಿಲುಬು ಹಿಡಿದು. ಲ್ಯಾಪ್‌ಟಾಪನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಟೋಕನ್ನನ್ನು ಅವರ ಧೋತರದ ಚುಂಗಿಗೇ ಒರೆಸಿ ಸಿಕ್ಕಿಸಿದೆ. ಉಡದಾರ ಗಿಡ್ಡ. ಕಾಕಾ ಎಡಕ್ಕೆ ವಾಲಿದರು. ಈಗ ಅವರ ಸೊಂಟ ಲ್ಯಾಪ್‌ಟಾಪಿಗೆ, ಬಲಗೈ ಹುಗ್ಗಿಗೆ.

"ಪಿನ್ ಹೇಳ್ರಿ ಕಾಕಾ, ನಾನೇ ಒತ್ತತೀನಿ."

"ಯಾರಿಗೂ ಹೇಳಬಾರದು ಅಂದಾನಲ್ಲ ಆ ಹುಡುಗ!"

ಎಡಗೈ ತೋರುಬೆರಳಿಂದ ತಾವೇ ಒತ್ತಲು ಶುರು ಮಾಡಿದರು. ಮಾಮೂಲಿಯಾಗಿ ಒಂದು ಕೈ ಮರೆ ಮಾಡಿ ಒತ್ತುತ್ತಾರೆ. ನಿನ್ನೆ ಮರೆಗೆ ಕೈ ಇರಲಿಲ್ಲ. ಅತ್ತಿತ್ತ ನೋಡಿ, ಊಟಕ್ಕೆ ಕೂತವರಿಗೆ ಗಟ್ಟಿಯಾಗಿ, "ಒಂದೀಟು ಆ ಕಡೆ ನೋಡ್ರಪ್ಪ" ಅಂದರು. ಇಡೀ ಪಂಕ್ತಿ ತುತ್ತು ಕೈಯಲ್ಲಿ ಹಿಡಿದು ಮುಖ ತಿರುಗಿಸಿತು. ಅನ್ನದ ಬುಟ್ಟಿ ಹಿಡಿದ ಹುಡುಗನೂ ತಿರುಗಿ ನಿಂತ. ಮೊದಲ ಸಲ ಪಿನ್ ತಪ್ಪಾಯಿತು. ನನ್ನ ಎದೆ ಧಸಕ್ಕೆಂದಿತು. ಇಂತಿಷ್ಟು ಸಲ ತಪ್ಪಾದರೆ ಟೋಕನ್ ಲಾಕ್. ಆಮೇಲೆ ಅದನ್ನು ಅಳಿಸಿ ಹೊಸ ಸರ್ಟಿಫಿಕೇಟ್ ಕೊಳ್ಳಬೇಕು. ಎರಡನೇ ಸಲ ಸರಿಹೋಯಿತು. ಸ್ಕ್ರೀನ್ ಮೇಲೆ ಚಕ್ರ ತಿರುಗತೊಡಗಿತು.

ಎದುರು ಪಂಕ್ತಿಯ ಅಜ್ಜಿ ಪಕ್ಕದವಳನ್ನು ಕೇಳಿದರು, "ಯಜಮಾನ್ರಿಗೆ ಏನಾಗೈತಿ? ವೈರ್ ಹಾಕ್ಯಾರಲ್ಲ?"

"ಶುಗರ್ ನೋಡಾಕತ್ತಾರ ಕಾಣತೈತಿ."

"ಹಂಗಿದ್ರ ಹುಗ್ಗಿ ಯಾಕ ನೀಡಿದ್ರಿ?"

ಅಷ್ಟಕ್ಕೇ ಹುಗ್ಗಿಯ ಬಕೆಟ್ ಹಿಡಿದವನು ಕಾಕಾರ ಎಲೆ ದಾಟಿ ಮುಂದೆ ಹೋದ. ಕಾಕಾ "ಏ ತಮ್ಮಾ, ಇಲ್ಲಿ!" ಅಂತ ಕೂಗಿ ಬಲಕ್ಕೆ ವಾಲಿದರು. ಟೋಕನ್ ಕಿತ್ತು ಬಂತು. ಸ್ಕ್ರೀನ್ ಮೇಲೆ 'ಟೋಕನ್ ಕಾಣುತ್ತಿಲ್ಲ' ಎಂಬ ಅರ್ಥದ ಕೆಂಪು ಸಾಲು. ನನಗೆ ಕಾಣುತ್ತಿತ್ತು. ಹುಗ್ಗಿಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿತ್ತು.

ಮತ್ತೆ ಲಾಗಿನ್, ಮತ್ತೆ ಪಿನ್, ಮತ್ತೆ ಪಂಕ್ತಿಯ ಮುಖ ಆ ಕಡೆಗೆ. ಮೂರನೇ ಸಲಕ್ಕೆ, ಮಜ್ಜಿಗೆ ಬರುವ ಹೊತ್ತಿಗೆ ರಿಟರ್ನ್ ಹೋಯಿತು. ಕಾಕಾ ಕೈ ತೊಳೆದುಕೊಂಡು, "ಆತಲ್ಲ, ಅದಕ್ಯಾಕ ಮಾರಿ ಸಣ್ಣದು ಮಾಡ್ಕೊಂಡಿ? ಊಟ ಮಾಡು" ಅಂದರು.

'ನಿನ್ನ ಹೆಸರಲ್ಲೇ ಒಂದು ಮಾಡಿಸಿಕೊಳ್ಳಬಹುದಲ್ವಾ' ಅಂತ ನೀವು ಕೇಳಬಹುದು. ಕಂಪನಿ ಒಪ್ಪಿದರೆ ಮಾಡಿಸಬಹುದು. ನಾನೂ ಒಮ್ಮೆ ಕೇಳಿದ್ದೆ. "ನಾ ಇನ್ನೂ ಅದೀನಲ್ಲ" ಅಂದರು. ಆಮೇಲೆ ಆ ಮಾತು ಎತ್ತಿಲ್ಲ.

ಬೇರೆ ದಾರಿ ಹುಡುಕದೆ ಕೂತಿಲ್ಲ. ಹದಿನೈದು ದಿನದಿಂದ ಸರ್ಟಿಫಿಕೇಟ್ ಮಾರುವವರ ಫೋನುಗಳೇ ಫೋನುಗಳು. ಒಂದು ವರ್ಷದ್ದೋ, ಎರಡೋ, ಮೂರೋ? ಮೂರರ ಮೇಲೆ ಸಿಗುವುದಿಲ್ಲ. ಸರ್ಟಿಫಿಕೇಟಿಗೂ ದರ್ಜೆ ಇದೆ, ಕ್ಲಾಸ್ 2 ಸಾಕಲ್ಲ ಅಂದರೆ ಅದು 2021ರ ಜನವರಿಯಿಂದಲೇ ನಿಂತಿದೆ, ಎಲ್ಲರಿಗೂ ಕ್ಲಾಸ್ 3 ಅಂದರು. ಟೆಂಡರ್ ಹಾಕುವವರಾದರೆ ಸಹಿಯ ಜೊತೆ ಕಡತಕ್ಕೆ ಬೀಗ ಹಾಕುವ ಸರ್ಟಿಫಿಕೇಟೂ ಬೇಕಂತೆ. ನಮಗೆ ಬೇಡ. ಇನ್ನೊಬ್ಬ ಆಧಾರ್ ಓಟಿಪಿ ಸಹಿ ತೋರಿಸಿದ. ಟೋಕನ್ನೇ ಬೇಡ, ಓಟಿಪಿ ಒತ್ತಿದರೆ ಆ ಒಂದು ಸಹಿಗಾಗಿ ಕೀಲಿ ಹುಟ್ಟಿ, ಸಹಿಯಾದ ಮೇಲೆ ಅಳಿದುಹೋಗುತ್ತದೆ. ಸಾದಾ ಕರಾರು ಪತ್ರಗಳಿಗೆ ಬಹಳ ಚೆನ್ನಾಗಿದೆ. ಆದರೆ ಕಾಕಾರ ಆಧಾರಿಗೆ ಜೋಡಿಸಿದ ನಂಬರ್ ಬೆಂಗಳೂರಿನಲ್ಲಿರುವ ಅವರ ಮಗನದು. ಅವನು ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳುವುದಿಲ್ಲ. ಮೂರನೆಯವನು, ಕೀಲಿ ನಮ್ಮ ಸರ್ವರ್‌ನಲ್ಲೇ ಇರುತ್ತದೆ, ನೀವು ಎಲ್ಲಿಂದ ಬೇಕಾದರೂ ಸಹಿ ಹಾಕಿ ಅಂದ. ಕಾಕಾ ಕೇಳಿದ್ದು ಒಂದೇ ಮಾತು. "ನನ್ನ ಕೀಲಿ ಇನ್ನೊಬ್ಬರ ಮನ್ಯಾಗಾ?"

ಸರಿ, ಮತ್ತೆ ಟೋಕನ್ನೇ. 'ಪಿ' ಸರಿಹೋದ ಮೇಲೆ ವಿಡಿಯೊ ಬೇಕು ಅಂದರು. ಅರ್ಜಿದಾರ ತಾನೇ ಕ್ಯಾಮೆರಾ ಮುಂದೆ ಕೂತು ಹೆಸರು ಹೇಳಿ, ಅರ್ಜಿ ಹಾಕಿದ್ದು ನಾನೇ ಅನ್ನಬೇಕು. ಮೊದಲ ವಿಡಿಯೊ ಮಿಲ್ಲಿನ ಸದ್ದಿಗೆ ತಿರಸ್ಕಾರವಾಯಿತು. ಎರಡನೆಯದರಲ್ಲಿ ಹಿಂದಿನಿಂದ ಇಬ್ಬರು ಹಮಾಲರು ಇಣುಕಿದ್ದರು. ಮೂರನೆಯದರಲ್ಲಿ ಕಾಕಾ ಹೆಸರು ಹೇಳಿ ನಿಲ್ಲಲಿಲ್ಲ. ಅಪ್ಪನ ಹೆಸರು, ಮನೆದೇವರು, 'ನಮ್ಮದು ಮೂಲ ಈ ಊರಲ್ಲ' ಅಂತ ಶುರು ಮಾಡಿದರು. ಕೊನೆಗೆ ಬೆಳಿಗ್ಗೆ ಆರಕ್ಕೆ, ಗೋದಾಮಿನಲ್ಲಿ, ಭತ್ತದ ಚೀಲಗಳ ನಡುವೆ ತೆಗೆದದ್ದು ಪಾಸಾಯಿತು.

ಅರ್ಜಿ ತುಂಬುವಾಗ ಅವರು ಕೇಳಿದ್ದರು, "ಎರಡು ವರ್ಷದ್ದು ಸಾಕಲ್ಲೋ? ಮೂರು ವರ್ಷ ನಾ ಇರ್ತೀನೋ ಇಲ್ಲೋ, ಸುಮ್ನ ರೊಕ್ಕ ದಂಡ." ನಾನು ಮೂರಕ್ಕೆ ಗುರುತು ಹಾಕಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಯಿಲಿಗೂ ಇದು ನಡೀತೈತೇನು?" ಅಂದರು. ಇಲ್ಲ, ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲೇ ಉಯಿಲನ್ನು ಹೊರಗಿಟ್ಟಿದ್ದಾರೆ, ಅದಕ್ಕೆ ಪೆನ್ನೇ ಬೇಕು ಅಂದೆ. "ಹಂಗಾದ್ರ ಚಲೋ" ಅಂದರು.

ಅವರ ಪೆನ್ನಿನ ಸಹಿಯನ್ನು ನೀವು ನೋಡಬೇಕು. ಅಜ್ಜ ಕಿರ್ದಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಮನೆಯಲ್ಲಿ ಮೊದಲು ಸಹಿ ಮಾಡಿದ್ದು ಕಾಕಾ. ಕನ್ನಡದಲ್ಲಿ ಪೂರ್ತಿ ಹೆಸರು, ಕೊನೆಯ ಒತ್ತಕ್ಷರದಿಂದ ಒಂದು ಬಾಲ ಹೊರಟು, ಹೆಸರಿನ ಕೆಳಗೆಲ್ಲ ಸುತ್ತಿ, ಮೊದಲ ಅಕ್ಷರದ ಹತ್ತಿರ ಬಂದು ಎರಡು ಚುಕ್ಕೆ ಇಟ್ಟು ನಿಲ್ಲುತ್ತದೆ. ಮೊದಲ ಸಲ ಡಿಜಿಟಲ್ ಸಹಿ ಹಾಕಿದ ಬಿಲ್ಲನ್ನು ಸ್ಕ್ರೀನಿನಲ್ಲಿ ತೋರಿಸಿದಾಗ ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದ್ದರು. ಅಲ್ಲಿದ್ದದ್ದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೆಸರು, ತಾರೀಖು, ಗಂಟೆ ನಿಮಿಷ. ಮೇಲೊಂದು ಹಳದಿ ಪ್ರಶ್ನಾರ್ಥಕ ಚಿಹ್ನೆ.

"ಇದ್ರಾಗ ನನ್ನ ಸಹಿ ಎಲ್ಲೈತಿ?"

ಸಹಿ ಕಣ್ಣಿಗೆ ಕಾಣುವುದಲ್ಲ ಕಾಕಾ, ಬಿಲ್ಲಿನಲ್ಲಿ ಒಂದು ಅಕ್ಷರ ಯಾರಾದರೂ ಬದಲಿಸಿದರೂ ಅದು ಮುರಿದುಹೋಗುತ್ತದೆ, ಅಷ್ಟು ಗಟ್ಟಿ ಅಂತ ವಿವರಿಸಿದೆ. "ಮತ್ತ ಈ ಪ್ರಶ್ನೆ ಯಾರದು?" ಅಂದರು. ಅದು ಈ ಕಂಪ್ಯೂಟರ್ ಇನ್ನೂ ನಿಮ್ಮನ್ನು ನಂಬಿಲ್ಲ ಅಂತ, ಒಮ್ಮೆ ಒತ್ತಿ ನಂಬಿಸಿದರೆ ಹಸಿರು ಗುರುತು ಬರುತ್ತದೆ ಅಂದೆ. ಅವರಿಗೆ ಅದು ಸರಿ ಬರಲಿಲ್ಲ. ಬಿಲ್ಲು ಹೋದ ಕಡೆಯವರಿಗೂ ಸರಿ ಬರಲಿಲ್ಲ. ಪ್ರಿಂಟ್ ತೆಗೆದು, ಅದರ ಮೇಲೆ ಸಹಿ ಸೀಲು ಹಾಕಿ, ಸ್ಕ್ಯಾನ್ ಮಾಡಿ ಕಳಿಸಿ ಅಂದರು. ಪ್ರಿಂಟ್ ಆದ ಮೇಲೆ ಡಿಜಿಟಲ್ ಸಹಿ ಬರೀ ಮಸಿ ಅಂತ ಅವರಿಗೆ ಯಾರು ಹೇಳಬೇಕು? ಕಾಕಾ ಮಾತ್ರ ಅವತ್ತು ಬಹಳ ಖುಷಿಯಲ್ಲಿ ಪೆನ್ನು ತೆಗೆದಿದ್ದರು.

ಇವತ್ತು ಮಧ್ಯಾಹ್ನ ಕಾಕಾ ಬೀಗರ ಊಟ ಮುಗಿಸಿ ಬಂದರು. ನಾನು ಮೊಬೈಲ್ ಅಂಗಡಿಯಿಂದ ಒಂದೂವರೆ ಮೀಟರ್ ಯುಎಸ್‌ಬಿ ಕೇಬಲ್ ತಂದಿಟ್ಟಿದ್ದೆ. ಹದಿನೈದು ದಿನದ ಹುಡುಕಾಟದಲ್ಲಿ ನಾನು ಆರಿಸಿದ ಪರಿಹಾರ ಅಂದರೆ ಇದೇ. ಸಂಜೆ ಹೊಸ ಟೋಕನ್ನೂ ಬಂತು. ಕೊರಿಯರ್ ಹುಡುಗ ಮೊಬೈಲ್ ಮುಂದೆ ಹಿಡಿದು, "ಯಜಮಾನ್ರ, ಬೆರಳಿಲೆ ಇಲ್ಲೊಂದು ಸಹಿ ಮಾಡ್ರಿ" ಅಂದ.

ಕಾಕಾರ ಮುಖ ಅರಳಿತು. ಬೆರಳು ಧೋತರಕ್ಕೆ ಒರೆಸಿಕೊಂಡು, ಕನ್ನಡದಲ್ಲಿ ಪೂರ್ತಿ ಹೆಸರು ಬರೆದರು. ಬಾಲ ಹೊರಟಿತು, ಕೆಳಗೆ ಸುತ್ತಿತು, ಸ್ಕ್ರೀನಿನ ಅಂಚಿಗೆ ಬಂತು, ಆ ಆ್ಯಪ್ ಮುಚ್ಚಿಹೋಯಿತು.

"ಇನ್ನೊಮ್ಮೆ ಮಾಡ್ರಿ" ಅಂದ ಹುಡುಗ. "ಸಣ್ಣದು ಮಾಡ್ರಿ."

"ಸಹಿ ಸಣ್ಣದು ಮಾಡಾಕ ಬರತೈತೇನಲೇ?" ಅಂದರು ಕಾಕಾ. ಆರನೇ ಸಲ ಬಾಲ ಹೊರಡುವುದನ್ನು ನೋಡುತ್ತಾ, ಹುಡುಗ ಮೊಬೈಲನ್ನು ಅಡ್ಡ ಹಿಡಿದು ನಿಂತಿದ್ದಾನೆ.